ಬೇರಿಂಗ್

ಗಾಳಿ ಜೋರಾದ ದಿನ ಪುಂತಾ ಅರೇನಾಸಿನಲ್ಲಿ
ಬೀದಿಯುದ್ದಕ್ಕೂ ಹಗ್ಗ ಕಟ್ಟುತ್ತಾರೆ, ಹಿಡಿದು ನಡೆಯಲಿಕ್ಕೆ.
ಓರ್ಫೆಲಿನಾ ಒಯಾರ್ಸುನ್ ಒಂದು ಕೈಯಲ್ಲಿ ಹಗ್ಗ ಹಿಡಿದು
ಇನ್ನೊಂದರಲ್ಲಿ ಕಡತವನ್ನು ಎದೆಗವಚಿಕೊಂಡು
ಬಲೆ ರಿಪೇರಿ ಅಂಗಡಿಯ ಮೆಟ್ಟಿಲು ಹತ್ತುತ್ತಾಳೆ.

ಮೇಲೆ ಅವಳ ಕಚೇರಿ. ಒಂದು ಮೇಜು, ಒಂದು ಹೀಟರು,
ಬೆನ್ನು ಹರಿದು ಟೇಪು ಸುತ್ತಿಸಿಕೊಂಡ ನಿಘಂಟು.
ಇಂಗ್ಲಿಷಿನಿಂದ ಸ್ಪ್ಯಾನಿಷಿಗೆ, ಪುಟಕ್ಕಿಷ್ಟು;
ಸಹಿ ಮುದ್ರೆಗೆ ಬೇರೆ.

ಈ ವಾರ ಒಂದೇ ಪದ ಅವಳ ಬೆನ್ನು ಹತ್ತಿದೆ.

ಸೋಮವಾರ ಟ್ರಾಲರಿನ ಎಂಜಿನ್ ಕೈಪಿಡಿ:
ಬೇರಿಂಗ್ ಸವೆದರೆ ಮೊದಲು ಸದ್ದು, ಆಮೇಲೆ ಬಿಸಿ.
ಇದು ಸಲೀಸು. ರೊದಮಿಯೆಂತೊ. ಉರುಳುವಂಥದ್ದು.
ಗ್ರೀಸು ಮೆತ್ತಿದ ಹುಡುಗ ಬಂದು ಒಯ್ದ,
ರಸೀತಿಯ ಮೇಲೆ ಹೆಬ್ಬೆಟ್ಟು ಉಳಿಸಿ.

ಮಂಗಳವಾರ ಹಳೇ ಕುರಿ ಕಂಪನಿಯ ಬಂಗಲೆಯ ನಕ್ಷೆ;
ಈಗದು ಹೋಟೆಲಾಗಬೇಕು.
ಈ ಗೋಡೆ ಬೇರಿಂಗ್, ಮುಟ್ಟಬೇಡಿ, ಎಂದಿದೆ ಕೆಂಪು ಶಾಯಿ.
ಹೊರೆಯ ಗೋಡೆ, ಎಂದು ಬರೆದಳು.
ಯಾವುದು ಹೊತ್ತಿದೆ, ಯಾವುದು ಸುಮ್ಮನೆ ನಿಂತಿದೆ
ಎಂದು ಹೊರಗಿಂದ ತಿಳಿಯುವುದಿಲ್ಲವಂತೆ,
ಕೆಡವಿದ ಮೇಲೆಯೇ.

ಅದೇ ಸಂಜೆ ಆಸ್ಪತ್ರೆಯ ಫಾರಮು:
ಬೇರಿಂಗ್ ವಯಸ್ಸಿನ ಹೆಂಗಸರು ಇಲ್ಲಿ ಗುರುತು ಹಾಕಿ.
ಫಲವತ್ತಾದ ವಯಸ್ಸು ಎನ್ನುತ್ತದೆ ಅವಳ ಭಾಷೆ, ಹೊಲಕ್ಕೆ ಹೇಳಿದ ಹಾಗೆ.
ನನ್ನ ಭಾಷೆಯಲ್ಲಾದರೆ
ಹೆರುವುದಕ್ಕೂ ಹೊರುವುದಕ್ಕೂ ನಡುವೆ ಒಂದು ಕೊಂಬು ಮಾತ್ರ.
ಐವತ್ತೆರಡರ ಓರ್ಫೆಲಿನಾ ಬರೆದು ಮುಗಿಸಿ
ಕಿಟಕಿಯ ಸಂದಿಗೆ ರದ್ದಿ ತುರುಕಿದಳು,
ಗಾಳಿ ಸಿಳ್ಳೆ ಹಾಕುತ್ತಿತ್ತು.

ಗುರುವಾರ ಎರ್ಮಿನಿಯಾ ಬಾಮೊಂದೆ ಬಂದಳು, ಕೈಯಲ್ಲಿ ಮೂರು ಹಾಳೆ.

ಮೊದಲನೆಯದು ಪರದೇಶದ ಸರಕು ಹಡಗಿನ ದಾಖಲೆ.
ಬೆಳಗಿನ ಜಾವ ನಾಲ್ಕು ಹತ್ತು. ಸಣ್ಣ ದೋಣಿಯ ದೀಪ.
ಬೇರಿಂಗ್ ಇನ್ನೂರ ಹದಿನೇಳು.
ನಾಲ್ಕು ಇಪ್ಪತ್ತೈದು. ದೀಪ ಇಲ್ಲ.
ದಿಕ್ಕು ಅಂದರೆ ಸಾಲದು ಇಲ್ಲಿ:
ದೋಣಿ ಹೊರಟ ದಿಕ್ಕಲ್ಲ ಇದು,
ನೋಡುವವನ ಕಣ್ಣಿಂದ ಎಳೆದ ಗೆರೆ.

ಎರಡನೆಯದು ಅವಳದೇ ಹೇಳಿಕೆ, ಇಂಗ್ಲಿಷಿಗೆ ಹೋಗಿ ಮರಳಿ ಬಂದದ್ದು:
ಒಂದು ವಾರದಿಂದ ಬೇರಿಂಗ್ ಕಿರುಗುಡುತ್ತಿತ್ತು,
ಮಾಲೀಕನಿಗೆ ಹೇಳಿದ್ದೆ ಅಂದಿದ್ದ ನನ್ನ ಗಂಡ,
ಏಡಿ ಸೀಜನ್ನು ಮುಗಿಯಲಿ ಎಂದರಂತೆ.

ಮೂರನೆಯದು ವಿಮಾ ಕಂಪನಿಯ ಕಾಗದ, ಒಂದೇ ಪ್ಯಾರಾ:
ಹೆಂಡತಿಯ ಹೇಳಿಕೆಗೆ ಈ ಪ್ರಕರಣದ ಮೇಲೆ
ಯಾವ ಬೇರಿಂಗೂ ಇಲ್ಲ.

ಓರ್ಫೆಲಿನಾ ಪೆನ್ನು ಕೆಳಗಿಟ್ಟಳು.
ನಿಘಂಟು ಬೇಕಿರಲಿಲ್ಲ, ಆದರೂ ತೆಗೆದಳು,
ಕಾಲಮ್ಮಿನ ಕೆಳಗೆ, ಕೆಳಗೆ, ಬೆರಳು ಜಾರಿಸಿದಳು.

"ಏನಂತೆ?"

"ಸಂಬಂಧವಿಲ್ಲ ಅಂತೆ."

"ಯಾರಿಗೆ?"

ಹೀಟರು ಟಕ್ ಎಂದು ಆರಿ ಮತ್ತೆ ಹತ್ತಿಕೊಂಡಿತು.
ಎರ್ಮಿನಿಯಾ ಅಳಲಿಲ್ಲ. ಮೊದಲ ಹಾಳೆ ಎಳೆದುಕೊಂಡು
ಇಂಗ್ಲಿಷ್ ಬಾರದವಳು ಅಂಕಿಯ ಮೇಲೆ ಉಗುರಿಟ್ಟಳು.

"ಈ ಇನ್ನೂರ ಹದಿನೇಳು ಯಾವ ಕಡೆ? ತೋರಿಸು."

ಕಿಟಕಿ ತೆರೆದರೆ ಸಂದಿಯ ರದ್ದಿ ಹಾರಿತು.
ಓರ್ಫೆಲಿನಾ ಕೈ ಚಾಚಿದಳು,
ಗ್ಯಾಸ್ ಟ್ಯಾಂಕಿನಾಚೆ, ತಗಡಿನ ಕೆಂಪು ಹಸಿರು ಮಾಡುಗಳಾಚೆ.

"ಅಲ್ಲಿ ಗುಡ್ಡವಿದೆಯಲ್ಲ. ಕಡಲು ಈ ಕಡೆ."

"ಹೌದು. ಗುಡ್ಡವಿದೆ."

ಆ ಗೆರೆ ಶುರುವಾಗುವುದು ಹಡಗಿನಿಂದ,
ಈ ಕಿಟಕಿಯಿಂದಲ್ಲ, ಅನ್ನಬೇಕಿತ್ತು ಅವಳು.
ಅನ್ನಲಿಲ್ಲ. ಕೈಯನ್ನೂ ಇಳಿಸಲಿಲ್ಲ.

ಎರ್ಮಿನಿಯಾ ತುಸು ಹೊತ್ತು ಗುಡ್ಡದತ್ತಲೇ ನೋಡಿದಳು,
ಆಮೇಲೆ ಕಣ್ಣು ತೆಗೆಯದೆಯೇ
ಪರ್ಸಿನ ಜಿಪ್ಪು ತಡಕುತ್ತ ಕೇಳಿದಳು,
"ಮೂರು ಪುಟ, ಅಲ್ಲವೇ?"